ವಿಜಯಕುಮಾರನ ಹನ್ನೊಂದು ಕ್ಷಮಾಪಣೆಗಳು

ವಿಜಯಕುಮಾರನಿಗೆ ದೇವರು ಬೇಕಾದದ್ದನ್ನೆಲ್ಲ ಕೊಟ್ಟಿದ್ದ. ನಂದಿದುರ್ಗದ ಹಳೆ ಚಿನ್ನದ ಗಣಿ ಕಾರ್ಮಿಕರ ಲೈನಿನಲ್ಲಿ ಎರಡು ಕೋಣೆಯ ಮನೆ, ಆಶಾರಾಣಿಯಂಥ ತಾಳ್ಮೆಯ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು ಮೀನಾ, ಬಂಗಾರಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ, ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು. ಕೊಡದೆ ಉಳಿಸಿಕೊಂಡದ್ದು ಒಂದೇ: ಸಾಕ್ಷಿ.

ಪ್ರತಿ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಯುವ ಮೊದಲು ಪಾದ್ರಿ ಅಯ್ಯನವರು "ಸಾಕ್ಷಿ ಇರುವವರು ಮುಂದೆ ಬನ್ನಿ" ಎಂದು ಕರೆಯುತ್ತಿದ್ದರು. ದೇವರಿಂದ ಉಪಕಾರ ಕಂಡವರು ಮೈಕ್ ಹಿಡಿದು ಅದನ್ನು ಸಭೆಗೆ ಹೇಳಬೇಕು. ಒಬ್ಬರ ಕಿಡ್ನಿಯ ಕಲ್ಲು ಕರಗಿತ್ತು. ಒಬ್ಬರು ಲಾರಿಯ ಕೆಳಗೆ ಹೋಗಿ ಚಪ್ಪಲಿ ಸಮೇತ ಆಚೆ ಕಡೆಯಿಂದ ಎದ್ದು ಬಂದಿದ್ದರು. ವಿಜಯಕುಮಾರನಿಗೆ ಕಲ್ಲೂ ಇಲ್ಲ, ಲಾರಿಯೂ ಇಲ್ಲ. ನಲವತ್ನಾಲ್ಕು ವರ್ಷ ಒಂದು ಒಳ್ಳೆಯ ಜ್ವರವೂ ಬಾರದೆ ಬದುಕಿಬಿಟ್ಟಿದ್ದ. ಆರೋಗ್ಯವಂತನಿಗೆ ಸಭೆಯಲ್ಲಿ ಏನು ಮರ್ಯಾದೆ? ಕುರ್ಚಿ ಎತ್ತಿಡಲು ಕರೆಯುತ್ತಾರೆ, ಅಷ್ಟೆ.

ಹೀಗಿರುವಾಗ ಸಭೆಯಲ್ಲಿ ಕುಟುಂಬ ವಾರ ಬಂತು. ಹೊಸಕೋಟೆ ಕಡೆಯಿಂದ ಬಂದ ಬೋಧಕರು ಮೊದಲ ದಿನವೇ ಬೈಬಲನ್ನು ಎತ್ತಿ ಹಿಡಿದು ಕೇಳಿದರು: "ಇದು ಭಾನುವಾರದ ಪುಸ್ತಕವೋ, ಸೋಮವಾರದ್ದೋ?" ಕಾಣಿಕೆ ಕೊಡಲು ಬಂದಾಗ, ನಿನ್ನ ಮೇಲೆ ಯಾರಿಗೋ ಮನಸ್ತಾಪ ಇದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಇಟ್ಟು, ಮೊದಲು ಹೋಗಿ ಅವರ ಜೊತೆ ಒಂದಾಗು ಎಂದು ಪ್ರಭು ಹೇಳಿದ್ದಾನಲ್ಲ, ಅದನ್ನು ಎಷ್ಟು ಜನ ಮಾಡಿದ್ದೀರಿ ಎಂದರು. ಬರುವ ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ. ಅಷ್ಟರೊಳಗೆ ಎಲ್ಲರೂ ಒಂದು ಪಟ್ಟಿ ಮಾಡಿ, ಒಬ್ಬೊಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳಬೇಕು. "ಮಾಡಿದವರು ಮೈಕಿಗೆ ಬಂದು ಸಾಕ್ಷಿ ಹೇಳಿ!"

ಮೈಕ್ ಎಂಬ ಮಾತು ಕಿವಿಗೆ ಬಿದ್ದದ್ದೇ ವಿಜಯಕುಮಾರನಿಗೆ ಬೆನ್ನು ನೆಟ್ಟಗಾಯಿತು.

ಆ ರಾತ್ರಿ ಊಟವಾದ ಮೇಲೆ ಅವನು ಮೀನಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕುಳಿತ. ಕುಳಿತಮೇಲೆ ತೊಂದರೆ ಗೊತ್ತಾಯಿತು. ಅವನ ಮೇಲೆ ಯಾರಿಗೂ ಮನಸ್ತಾಪವೇ ಇರಲಿಲ್ಲ. ಅವನು ಅಷ್ಟು ದೊಡ್ಡ ಮನುಷ್ಯನೇ ಅಲ್ಲ. ಆದರೆ ಸಾಕ್ಷಿಗಾಗಿ ಹಸಿದವನು ಅಷ್ಟಕ್ಕೆ ಪೆನ್ನು ಕೆಳಗಿಡುತ್ತಾನೆಯೇ? ಆಳವಾಗಿ ಯೋಚಿಸಿದ. ಪಕ್ಕದ ಮನೆ ಕನಕಮ್ಮನಿಗೆ ತನ್ನ ಮೇಲೆ ಕೋಪ ಇಲ್ಲ. ಯಾಕೆ ಇಲ್ಲ? ತಾನು ಮಾಡಿದ್ದು ಅವಳಿಗೆ ಗೊತ್ತಿಲ್ಲ, ಅದಕ್ಕೆ ಇಲ್ಲ. ಗೊತ್ತಾದರೆ ಖಂಡಿತ ಬರುತ್ತದೆ. ಬರಬೇಕಾದ ಕೋಪ ಇನ್ನೂ ಬಂದಿಲ್ಲವೆಂದರೆ ಅದು ದಾರಿಯಲ್ಲೆಲ್ಲೋ ನಿಂತಿದೆ ಎಂದೇ ಅರ್ಥ. ಅದನ್ನು ಕೈಹಿಡಿದು ಕರೆತಂದು, ಆಮೇಲೆ ಕ್ಷಮೆ ಕೇಳಿದರಾಯಿತು.

ಅರ್ಧ ಗಂಟೆಯಲ್ಲಿ ಹನ್ನೊಂದು ಹೆಸರಾದವು.

ಆಶಾರಾಣಿ ಹಾಲಿಗೆ ಹೆಪ್ಪು ಹಾಕಿ ಬಂದು ಪಟ್ಟಿ ನೋಡಿದಳು. "ರೀ, ನನ್ನನ್ನೂ ಸೇರಿಸಿ ಇವರ್ಯಾರೂ ನಿಮ್ಮನ್ನ ಏನೂ ಕೇಳಿಲ್ವಲ್ಲ."

"ಕೇಳೋಕ್ಕೆ ಅವರಿಗೆ ಗೊತ್ತಿರಬೇಕಲ್ಲ?"

"ಗೊತ್ತಿಲ್ಲದೆ ಚೆನ್ನಾಗಿದ್ದಾರಲ್ಲ, ಇರ್ಲಿ ಬಿಡಿ." ಹಾಗೆನ್ನುತ್ತಲೇ ಅವಳು ಪೆನ್ನು ತೆಗೆದುಕೊಂಡು ಒಂದು ಹೆಸರನ್ನು ಗಟ್ಟಿಯಾಗಿ ಹೊಡೆದುಹಾಕಿದಳು. "ಮಿಕ್ಕವರ ಹತ್ರ ಏನಾದ್ರೂ ಮಾಡ್ಕೊಳ್ಳಿ. ದೇವದಾನಂ ಮಾಸ್ಟ್ರ ಮನೆ ಕಡೆ ಮಾತ್ರ ಹೋಗ್ಬೇಡಿ, ಅವರ ನೆಂಟರ ಹತ್ರ ನಿಶ್ಚಿತಾರ್ಥ ಆದ್ಮೇಲೆ ಹೋಗಿ. ಶ್ಯಾಮಲನ ಮುಖ ನೋಡಿ."

ಶ್ಯಾಮಲ ಆಶಾರಾಣಿಯ ತಂಗಿ. ಹನ್ನೊಂದನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಈ ಮನೆಗೆ ಬಂದವಳು, ಈಗ ಆಂಡರ್ಸನ್‌ಪೇಟೆಯ ನರ್ಸರಿ ಶಾಲೆಯಲ್ಲಿ ಮಿಸ್. ವಯಸ್ಸು ಮೂವತ್ತು. ಏಳು ಸಂಬಂಧ ಬಂದು ಬಜ್ಜಿ ತಿಂದು ಹೋಗಿದ್ದವು. ಎಂಟನೆಯದು ಬಂಗಾರಪೇಟೆಯ ರಿಟೈರ್ಡ್ ಮೇಷ್ಟ್ರು ದೇವದಾನಂ ಅವರ ಮಗ, ಮೊಬೈಲ್ ರಿಪೇರಿ ಅಂಗಡಿಯ ಸಂಪತ್. ಅದು ಕೂಡಿಬಂದಿತ್ತು. ಎರಡು ವಾರ ಬಿಟ್ಟು ನಿಶ್ಚಿತಾರ್ಥ. ಸಂಜೆ ಹೊತ್ತು ಶ್ಯಾಮಲ ಒಗೆದ ಬಟ್ಟೆಗಳ ಮರೆಯಲ್ಲಿ ನಿಂತು ಫೋನಿನಲ್ಲಿ ನಗುವುದನ್ನು ಇಡೀ ಮನೆ ಕೇಳದವರಂತೆ ಕೇಳುತ್ತಿತ್ತು.

"ಸರಿ" ಎಂದ ವಿಜಯಕುಮಾರ. ಹೆಂಡತಿ ಮಲಗಿದ ಮೇಲೆ ದೇವದಾನಂ ಮಾಸ್ಟರ ಹೆಸರನ್ನು ಪಟ್ಟಿಯ ಕೊನೆಗೆ ಮತ್ತೆ ಬರೆದ.

ಕ್ಷಮಾಪಣೆ ಮನೆಯಿಂದಲೇ ಶುರುವಾಗಬೇಕು ಎಂದು ಬೋಧಕರು ಹೇಳಿದ್ದರು. ಸೋಮವಾರ ಬೆಳಿಗ್ಗೆ ಆಶಾರಾಣಿ ಬಾಣಲೆ ಉಜ್ಜುತ್ತಿದ್ದಾಗ ಅವನು ಹೋಗಿ ಕೈಕಟ್ಟಿ ನಿಂತ.

"ಆಶಾ, ಆರು ವರ್ಷದಿಂದ ನೀನು ಕಟ್ಟಿಕೊಡೋ ಉಪ್ಪಿಟ್ಟನ್ನ ನಾನು ತಿಂದಿಲ್ಲ."

"ಮತ್ತೆ ಯಾರು ತಿಂದಿದ್ದು?"

"ಬಂಗಾರಪೇಟೆ ಪ್ಲಾಟ್‌ಫಾರ್ಮ್‌ನಲ್ಲಿ ಒಂದು ನಾಯಿ ಇದೆ. ನಾನು ಓಟ್ಲಲ್ಲಿ ದೋಸೆ ತಿಂತೀನಿ."

ಆಶಾರಾಣಿ ಬಾಣಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಆರು ವರ್ಷದಿಂದ ಒಂದೇ ನಾಯಿನಾ?"

"ಮೊದಲನೇದು ಸತ್ತೋಯ್ತು. ಈಗ ಅದರ ಮರಿ ತಿಂತಿದೆ."

"ಸತ್ತೋಯ್ತಾ?" ಕೈ ನಿಂತಿತು. "ನನ್ನ ಉಪ್ಪಿಟ್ಟಿಂದ ಅಲ್ಲ ತಾನೆ?"

"ವಯಸ್ಸಾಗಿತ್ತು" ಎಂದ ವಿಜಯಕುಮಾರ, ಸತ್ಯಕ್ಕೆ ಒಂದಿಷ್ಟೂ ಊನ ಬಾರದ ಹಾಗೆ. "ಕ್ಷಮಿಸಿದ್ದೀನಿ ಅಂತ ಬಾಯಿಬಿಟ್ಟು ಹೇಳು."

"ಕ್ಷಮಿಸಿದ್ದೀನಿ. ನಾಳೆಯಿಂದ ಬಾಕ್ಸು ನೀವೇ ಕಟ್ಕೊಳ್ಳಿ."

ಒಳಗೆ ಜಡೆ ಹಾಕಿಕೊಳ್ಳುತ್ತಿದ್ದ ಮೀನಾ ಕೂಗಿದಳು: "ಅಪ್ಪಾ, ಆ ನಾಯಿ ಹತ್ರಾನೂ ಒಂದ್ಸಲ ಕ್ಷಮೆ ಕೇಳಿ!"

ವಿಜಯಕುಮಾರ ಮೊದಲ ಹೆಸರಿನ ಮುಂದೆ ಗುರುತು ಹಾಕಿಕೊಂಡ.

ಮಂಗಳವಾರ ನಲ್ಲಿಯ ಹತ್ತಿರ ಕನಕಮ್ಮ ಸಿಕ್ಕಿದಳು. ಎರಡು ವರ್ಷದ ಹಿಂದೆ ಕನಕಮ್ಮ ಗಂಗಮ್ಮನಿಗೆಂದು ಒಂದು ಹುಂಜ ಸಾಕಿದ್ದಳು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅದು ಕಾಣೆಯಾಯಿತು. ಎದುರುಮನೆಯ ಪಾಪಕ್ಕನೇ ಅದನ್ನು ಕುಯ್ದು ಸಾರು ಮಾಡಿದ್ದಾಳೆ ಎಂದು ಕನಕಮ್ಮ ಲೈನಿಗೆಲ್ಲ ಸಾರಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲ ಎಂದರೆ ನೇರ ಮಾತಿಲ್ಲ, ಅಷ್ಟೆ. ಕೊಡಕ್ಕೆ, ಬೆಕ್ಕಿಗೆ, ಗಾಳಿಗೆ ಹೇಳುವ ನೆಪದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೆಳಗಿನಿಂದ ಸಂಜೆವರೆಗೆ ವಿಚಾರಿಸಿಕೊಳ್ಳುತ್ತಿದ್ದರು.

"ಕನಕಕ್ಕ, ನಿಮ್ಮ ಹುಂಜ ನಾಲ್ಕು ಗಂಟೆಗೇ ಕೂಗ್ತಿತ್ತಲ್ಲ, ತಡೆಯಕ್ಕಾಗ್ದೆ ನಾನೇ ಚಪ್ಪಲಿ ಬೀಸಿದೆ. ಗೋಡೆ ಹಾರಿ ಗಣಿ ಮಣ್ಣಿನ ಸೈನೈಡ್ ದಿಬ್ಬದ ಕಡೆ ಓಡಿದ್ದು ಮತ್ತೆ ಬರ್ಲಿಲ್ಲ. ನನ್ನನ್ನ ಕ್ಷಮಿಸ್ಬೇಕು."

ಕನಕಮ್ಮನ ಕೊಡ ತುಂಬಿ ನೀರು ಹೊರಗೆ ಹರಿಯತೊಡಗಿತು. "ಏನಂದೆ? ಇನ್ನೊಂದ್ಸಲ ಏಳು."

ಇನ್ನೊಂದು ಸಲ ಹೇಳಿದ.

"ಲೇ ವಿಜಿ! ಎರಡು ವರ್ಸ ಆ ಪಾಪಕ್ಕನ ವಂಸಾನೆಲ್ಲಾ ಬೈದು ಬೈದು ನನ್ನ ಗಂಟ್ಲು ಒಣಗೋಗೈತೆ ಕಣ್ಲಾ! ಅಷ್ಟೂ ವೇಸ್ಟಾ?"

ಪಾಪಕ್ಕ ಬಾಗಿಲಿಗೆ ಬಂದಳು. ಸಿಟ್ಟು ಬಂದರೆ ಅವಳಿಗೆ ತಮಿಳು ಮುಂದೆ ಬರುತ್ತದೆ. "ಅಡಪಾವಿ! ಇವ್ನ ಚಪ್ಪಲಿ ದೆಸೆಯಿಂದ ನಾನು ಕೋಳಿ ಕಳ್ಳಿ ಆದ್ನಾ? ಈಗೇನು ಏಳ್ತೀಯ ಕನಕ?"

ಕನಕಮ್ಮ ಒಂದು ಗಳಿಗೆ ಪಾಪಕ್ಕನನ್ನು ನೋಡಿದಳು. "ಅಕ್ಕಾ, ತಪ್ಪಾಯ್ತು" ಎಂದು ಓಡಿಹೋಗಿ ತಬ್ಬಿಕೊಂಡಳು. ಇಬ್ಬರೂ ಗಟ್ಟಿಯಾಗಿ ಅತ್ತರು. ಮೂಗು ಒರೆಸಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ವಿಜಯಕುಮಾರನ ಕಡೆ ತಿರುಗಿದರು. ಎರಡು ವರ್ಷ ಎರಡು ದಿಕ್ಕಿಗೆ ಹರಿದ ಬೈಗುಳ ಅಂದು ಒಂದೇ ಕಾಲುವೆಗೆ ಬಿತ್ತು. ಅಂದಿನಿಂದ ಲೈನಿನ ನಲ್ಲಿಯಲ್ಲಿ ವಿಜಯಕುಮಾರನ ಮನೆಯ ಸರದಿ ಎಲ್ಲರಿಗಿಂತ ಕೊನೆಗೆ ಹೋಯಿತು.

"ಇಬ್ಬರು ವೈರಿಗಳನ್ನ ಒಂದು ಮಾಡಿದೆ" ಎಂದು ಅವನು ಮನೆಯಲ್ಲಿ ಹೇಳಿದ. ಆಶಾರಾಣಿ ಖಾಲಿ ಕೊಡವನ್ನು ಅವನ ಕೈಗೆ ಕೊಟ್ಟಳು.

ಬುಧವಾರ ಅಂಗಡಿ. ಮಾಲೀಕ ಆದಿನಾರಾಯಣ ಗಣೇಶನ ಫೋಟೋಗೆ ಊದಿನಕಡ್ಡಿ ಬೆಳಗಿ ಕುಳಿತಿದ್ದ.

"ಅಣ್ಣಾ, ನಮ್ಮ ದೊಡ್ಡಮ್ಮ ಸತ್ತಿಲ್ಲ."

"ಯಾವಾಗ?"

"ಮೂರು ಸಲಾನೂ."

ಆದಿನಾರಾಯಣ ಕನ್ನಡಕ ತೆಗೆದ. "ಸಾವಿಗೆ ಅಂತ ನೀನು ಮೂರು ಸಲ ರಜ ತಗೊಂಡಿದ್ದು ಒಂದೇ ದೊಡ್ಡಮ್ಮಂಗಾ?"

"ಬೇರೆ ಬೇರೆ ಊರು ಹೇಳಿದ್ದೆ ಅಣ್ಣ."

"ಲೇ, ಮೂರನೇ ಸಲ ನಾನು ಹೂವಿನ ಹಾರ ಬೇರೆ ಕಳ್ಸಿದ್ನಲ್ಲೋ!"

"ಅದು ವೇಸ್ಟಾಗ್ಲಿಲ್ಲ. ಆವತ್ತು ಅವರ ಹುಟ್ಟಿದ ಹಬ್ಬ. ಅವರಿಗೇ ಹಾಕಿದ್ವಿ. ತುಂಬಾ ಖುಷಿಪಟ್ರು."

ಆದಿನಾರಾಯಣ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಒಬ್ಬರು ಬಾಗಿಲಿಗೆ ಬಳಿಯಲು ಪೇಂಟ್ ಕೇಳಿಕೊಂಡು ಬಂದರು. ವಿಜಯಕುಮಾರ ಅವರ ಮುಖವನ್ನು ಗುರುತು ಹಿಡಿದವನಂತೆ ನೋಡಿ, ಕೈಕಟ್ಟಿಕೊಂಡು, "ಸಾರ್, ಹೋದ ವರ್ಷ ನೀವು ತಗೊಂಡೋದ ಡಬ್ಬ..." ಎಂದು ಶುರುಮಾಡಿದ. ಆದಿನಾರಾಯಣ ಕೌಂಟರ್ ದಾಟಿ ಬಂದವನೇ ಅವನ ಬಾಯಿ ಮುಚ್ಚಿ ಹಿಂದಿನ ಗೋಡೌನಿಗೆ ಎಳೆದುಕೊಂಡು ಹೋದ.

"ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ನಿಂದು ಎಲ್ಲಾ ಕ್ಷಮಿಸಿದ್ದೀನಿ. ಈ ವ್ರತ ಎಷ್ಟು ದಿನ?"

"ಭಾನುವಾರದವರೆಗೆ."

"ಸೋಮವಾರ ಬಾ. ಅಲ್ಲೀತನಕ ಅಂಗಡಿ ರಸ್ತೇಲೂ ಓಡಾಡ್ಬೇಡ."

ಹೀಗಾಗಿ ವಿಜಯಕುಮಾರ ಬೆಳಗಿನ ಹತ್ತು ಗಂಟೆಗೆ ಬಂಗಾರಪೇಟೆಯಲ್ಲಿ ಕೆಲಸವಿಲ್ಲದೆ ನಿಂತ. ವಾಪಸ್ ರೈಲು ಇನ್ನೂ ಎಷ್ಟೋ ಹೊತ್ತಿಗೆ. ದೇವದಾನಂ ಮಾಸ್ಟರ ಮನೆಯೋ ಸ್ಟೇಷನ್ನಿನಿಂದ ಹತ್ತೇ ನಿಮಿಷ. ಇದು ದೇವರ ನಡೆಸುವಿಕೆ ಅಲ್ಲದೆ ಇನ್ನೇನು ಎಂದುಕೊಂಡ. ತನಗೆ ಇಷ್ಟವಾದ ಕಡೆಗೇ ಕಾಲು ಹೋಗುವಾಗ ಅವನಿಗೆ ಯಾವತ್ತೂ ದೇವರ ನಡೆಸುವಿಕೆ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾಸ್ಟರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಅನಸೂಯಮ್ಮ ಕಾಫಿ ತಂದಿಟ್ಟರು. ವಿಜಯಕುಮಾರ ಲೋಟ ಮುಟ್ಟಲಿಲ್ಲ.

"ಮಾಸ್ಟ್ರೇ, ಹುಡುಗಿ ನೋಡಕ್ಕೆ ಬಂದಾಗ ನೀವು ಬಜ್ಜಿ ಮುಂದಿಟ್ಕೊಂಡು ಹದಿನೆಂಟು ನಿಮಿಷ ಪ್ರಾರ್ಥನೆ ಮಾಡಿದ್ರಿ. ಬಜ್ಜಿ ತಣ್ಣಗಾಯ್ತು. ಆಮೇಲೆ ಹನ್ನೆರಡು ಜನ ಶಿಷ್ಯರ ಹೆಸರು ಹೇಳಿ ಅಂತ ನನ್ನನ್ನ ಎಲ್ರ ಮುಂದೆ ಕೇಳಿದ್ರಿ. ಒಂಬತ್ತಕ್ಕೆ ನಿಂತೋದೆ. ನನಗೆ ತುಂಬಾ ಅವಮಾನ ಆಯ್ತು."

"ಅಯ್ಯೋ, ಅದಕ್ಯಾಕೆ ಬ್ರದರ್? ನಾನೇ ಕ್ಷಮೆ ಕೇಳ್ತೀನಿ."

"ಅಲ್ಲ, ಕೇಳ್ಬೇಕಾದವನು ನಾನು. ಆ ಸಿಟ್ಟಿಗೆ, ಈ ಸಂಬಂಧ ತಪ್ಪಿಹೋಗ್ಲಿ ಅಂತ ಅಂಗಡಿ ರಜ ಇದ್ದ ಮೂರು ಶುಕ್ರವಾರ ಉಪವಾಸ ಪ್ರಾರ್ಥನೆ ಮಾಡ್ದೆ."

ಪೇಪರ್ ಕೆಳಗಿಳಿಯಿತು. "ಯಾವ ತಿಂಗಳು?"

"ಆಗಸ್ಟು."

"ಮೂರನೇ ಶುಕ್ರವಾರ ಎಷ್ಟು ಗಂಟೆಗೆ ಮುಗಿಸಿದ್ರಿ?"

"ನಾಲ್ಕಕ್ಕೆ. ಅಷ್ಟೊತ್ತಿಗೆ ತುಂಬಾ ಹಸಿವಾಗಿತ್ತು."

"ಅನಸೂಯಾ!" ಮಾಸ್ಟರು ಎದ್ದು ನಿಂತರು. "ಸಂಪತ್ತು ಗಾಡಿಯಿಂದ ಬಿದ್ದು ಕಾಲು ಮುರ್ಕೊಂಡಿದ್ದು ನಾಲ್ಕೂಕಾಲಿಗೆ! ಅಯ್ಯೋ ದೇವುಡಾ, ನನ್ನ ಮಗನ ಕಾಲು ಮುರಿದೋನು ಇಲ್ಲೇ ಕೂತವ್ನೆ, ನಾನು ಕಾಫಿ ಕೊಟ್ಟಿದ್ದೀನಿ!"

ವಿಜಯಕುಮಾರ ತಬ್ಬಿಬ್ಬಾದ. ನಲವತ್ನಾಲ್ಕು ವರ್ಷದಲ್ಲಿ ಅವನು ಬೇಡಿಕೊಂಡ ಒಂದು ಪ್ರಮೋಷನ್ನೂ ಬಂದಿರಲಿಲ್ಲ, ಒಂದು ನೆಗಡಿಯೂ ಬೇಗ ವಾಸಿಯಾಗಿರಲಿಲ್ಲ. ತನ್ನ ಪ್ರಾರ್ಥನೆ ನಂದಿದುರ್ಗದಿಂದ ಹೊರಟು ಹದಿನೈದೇ ನಿಮಿಷದಲ್ಲಿ ಬಂಗಾರಪೇಟೆ ತಲುಪಿತೆಂದರೆ! ರೈಲಿಗೂ ಅಷ್ಟು ವೇಗವಿಲ್ಲ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನಿಗೆ ಹೆಮ್ಮೆಯೂ ಆಯಿತು.

"ಈ ನಿಶ್ಚಿತಾರ್ಥ ನಡೆಯಲ್ಲ" ಎಂದರು ಮಾಸ್ಟರು. ಹೆಮ್ಮೆ ಅಲ್ಲಿಗೆ ಇಳಿಯಿತು.

ಅವನು ರೈಲಿಳಿದು ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಫೋನಿನಲ್ಲಿ ಬಂದು ಕುಳಿತಿತ್ತು. ಶ್ಯಾಮಲ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಒಂದೇ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು.

"ಶ್ಯಾಮೂ..." ಎಂದ ವಿಜಯಕುಮಾರ.

"ನನ್ನ ಹತ್ರ ಕ್ಷಮೆ ಮಾತ್ರ ಕೇಳ್ಬೇಡಿ ಭಾವ" ಎಂದಳು ಅವಳು, ತಲೆಯೆತ್ತದೆ. "ನಿಮ್ಮ ದಮ್ಮಯ್ಯ."

ಜಡೆ ಹಾಕಲು ಬಾರದ ದಿನಗಳಿಂದ ಸಾಕಿದ ಹುಡುಗಿ. ಅವಳ ಕೈಯಲ್ಲಿದ್ದ ಟವೆಲ್ ನೋಡಿ ವಿಜಯಕುಮಾರನಿಗೆ ಅನ್ನ ಇಳಿಯಲಿಲ್ಲ. ಯಾರೂ ಹೇಳದೆಯೇ ಅಂದು ಉಪವಾಸವಿದ್ದ.

ಗುರುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಕನಕಮ್ಮ ಸೀರೆಯ ಸೆರಗು ಹೊದ್ದು, ಕೈಯಲ್ಲಿ ನಾಲ್ಕು ಬಾಳೆಹಣ್ಣು ಹಿಡಿದು ನಿಂತಿದ್ದಳು. ದನಿಯಲ್ಲಿ ಹಿಂದೆಂದೂ ಇಲ್ಲದ ಮರ್ಯಾದೆ.

"ವಿಜಯಕುಮಾರ್ ಅವ್ರೇ, ನಮ್ಮ ನಾದಿನಿ ಒಬ್ಬಳು ಕ್ಯಾಸಂಬಳ್ಳೀಲಿ ಅವ್ಳೆ. ಬಲು ಬಾಯಿ. ನೀವೊಂದು ಶುಕ್ರವಾರ ಉಪಾಸ ಇಡ್ಬೇಕು. ಕಾಲೆಲ್ಲಾ ಬ್ಯಾಡ, ಪಾಪ. ಸುಮ್ಕೆ ಒಂದು ಬೆರಳು ಸಾಕು."

"ಕನಕಕ್ಕ, ನಮ್ಮ ದೇವರು ಹಾಗೆಲ್ಲ ಮಾಡೋನಲ್ಲ!"

"ಮಾಡವ್ನಲ್ಲ! ಬಂಗಾರಪ್ಯಾಟೇಲಿ ಮಾಡಿದ್ನಂತಲ್ಲ, ಪಕ್ಕದ ಮನೇವ್ರಿಗೆ ಮಾಡಕ್ಕಿಲ್ವಾ?"

ಹಿಂದೆಯೇ ಪಾಪಕ್ಕ ಬಂದಳು. ಅವಳಿಗೆ ಬೆರಳಿನ ಬೇಡಿಕೆ ಇರಲಿಲ್ಲ, ಅಳಿಯ ಒಂದು ವಾರ ಬಾಯಿ ಬಾರದೆ ಇದ್ದರೆ ಸಾಕಿತ್ತು. ಮಧ್ಯಾಹ್ನದ ಹೊತ್ತಿಗೆ ಸಭೆಯ ಇಬ್ಬರು ಹಿರಿಯರೂ ಬಂದು, ಯಾವತ್ತಾದರೂ ತಮ್ಮಿಂದ ನೋವಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಅದರಲ್ಲೂ ಶುಕ್ರವಾರ ಇಟ್ಟುಕೊಳ್ಳಬೇಡಿ ಎಂದು ಕೈಮುಗಿದು ಹೋದರು. ಸಂಜೆ ಅಯ್ಯನವರ ಫೋನು. "ಬ್ರದರ್, ಭಾನುವಾರ ನಿಮ್ಮ ಸಾಕ್ಷಿ ಬೇಡ. ಜನ ಭಯಪಡ್ತಾರೆ. ನೀವು ಎಂದಿನ ಹಾಗೆ ಕುರ್ಚಿ ನೋಡ್ಕೊಳ್ಳಿ."

ಆಗಲಿ ಎಂದ ವಿಜಯಕುಮಾರ. ಮೈಕಿನ ಮೇಲಿದ್ದ ಆಸೆ ಟವೆಲ್ ನೋಡಿದಾಗಲೇ ಹೋಗಿತ್ತು.

ಶನಿವಾರ ಬೆಳಿಗ್ಗೆ ಆಶಾರಾಣಿ ಅನ್ನ ಸಾರು ಮುಗಿಸಿ, ಗ್ಯಾಸ್ ಆಫ್ ಮಾಡಿ, ಈಸ್ಟರ್ ಸೀರೆ ಉಟ್ಟು ಹೊರಗೆ ಬಂದಳು. "ಶ್ಯಾಮು, ಮುಖ ತೊಳ್ಕೊ. ಬಂಗಾರಪೇಟೆಗೆ ಹೋಗ್ಬೇಕು. ರೀ, ನೀವೂ ಬನ್ನಿ. ಅಲ್ಲಿ ನಾನು ಹೇಳೋವರೆಗೂ ಬಾಯಿ ತೆಗೀಬಾರ್ದು."

"ಹೇಳಿದ ಮೇಲೆ?"

"ಹೇಳಲ್ಲ."

ಮಾಸ್ಟರ ಮನೆಯಲ್ಲಿ ಸಂಪತ್ ಬಾಗಿಲಲ್ಲೇ ಇದ್ದ. ಶ್ಯಾಮಲಳನ್ನು ನೋಡಿ ಮುಖ ಅರಳಿ, ಅಪ್ಪನನ್ನು ನೋಡಿ ಮುದುಡಿತು. ಮಾಸ್ಟರು ಗೋಡೆಯ ಕಡೆ ತಿರುಗಿ ಕುಳಿತರು.

"ಮಾಸ್ಟ್ರೇ, ಇವರು ಮಾಡಿದ್ದು ತಪ್ಪು" ಎಂದಳು ಆಶಾರಾಣಿ. "ಆದ್ರೆ ಅದನ್ನ ಇವರ ತಲೆಗೆ ಕಟ್ಟಿ, ಆ ಹುಡುಗಿ ಬಾಳಿಗಲ್ಲ. ಅವಳೇನು ಮಾಡಿದ್ಲು?"

"ಉಪವಾಸ ಇದ್ದು ಶಾಪ ಹಾಕೋ ಮನೆತನ ನಮಗೆ ಬೇಡಮ್ಮ. ನಮ್ಮ ಮನೇಲಿ ಅಂಥದ್ದು ಕಂಡು ಕೇಳಿಲ್ಲ."

ಅಲ್ಲಿಯವರೆಗೆ ಸುಮ್ಮನೆ ಹುರುಳಿಕಾಯಿ ಬಿಡಿಸುತ್ತಿದ್ದ ಅನಸೂಯಮ್ಮ ಮೊರವನ್ನು ಪಕ್ಕಕ್ಕಿಟ್ಟರು. "ಏನೂಂದ್ರೆ, ಅದೇ ಆಗಸ್ಟಲ್ಲಿ ನೀವೂ ಎರಡು ಶುಕ್ರವಾರ ಉಪವಾಸ ಇದ್ರಲ್ಲ. ಯಾಕೆ ಅಂತ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಮಾಸ್ಟರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹುಡುಗಿ ಚಿನ್ನ, ಆದ್ರೆ ಶಿಷ್ಯರ ಹೆಸರು ಒಂಬತ್ತಕ್ಕೆ ಮರೆಯೋ ಆ ಪೆದ್ದನ ಜೊತೆ ಜೀವನಪೂರ್ತಿ ಬೀಗತನ ನಂಗಾಗಲ್ಲ, ಈ ಸಂಬಂಧ ತಪ್ಸು ಪ್ರಭುವೇ ಅಂತ. ಪಕ್ಕದ ಕೋಣೇಲಿ ನಾನೇ ಕೇಳಿದ್ದೀನಿ. ಕಾಲು ಮುರಿದ ದಿನಾನೂ ನೀವು ಊಟ ಮಾಡಿರ್ಲಿಲ್ಲ."

ಈಗ ಎದ್ದಿದ್ದು ಸಣ್ಣ ಪ್ರಶ್ನೆಯಲ್ಲ. ಒಂದು ಕಾಲು, ಎರಡು ಪ್ರಾರ್ಥನೆ. ಮುರಿದದ್ದು ಯಾರದು?

ವಿಜಯಕುಮಾರನಿಗೆ ತಡೆಯಲಾಗಲಿಲ್ಲ. "ನಿಮ್ಮದೇ ಇರ್ಬೇಕು ಮಾಸ್ಟ್ರೇ. ನೀವು ದೊಡ್ಡವರು, ನನ್ನದು ಅಲ್ಲೀತನಕ ಹೋಗಲ್ಲ."

"ಛೇ ಛೇ, ನಿಮ್ಮದೇ. ನಾನು ಎರಡೇ ಶುಕ್ರವಾರ, ನೀವು ಮೂರು."

"ನನ್ನದರಲ್ಲಿ ಶಕ್ತಿಯೇ ಇಲ್ಲ. ಆದಿನಾರಾಯಣಣ್ಣನ್ನ ಬೇಕಾದ್ರೆ ಕೇಳಿ, ಪ್ರಮೋಷನ್ನಿಗೆ ಒಂಬತ್ತು ವರ್ಷ ಮಾಡಿದ್ದೀನಿ."

"ವಿನಯ ಬೇಡ ಬ್ರದರ್!"

"ಅಪ್ಪಾ" ಎಂದ ಸಂಪತ್, ಕಿವಿ ಕೆಂಪಾಗಿ. "ನಾನು ಗಾಡಿ ಓಡಿಸ್ಕೊಂಡೇ ಶ್ಯಾಮಲಂಗೆ ಮೆಸೇಜ್ ಹಾಕ್ತಿದ್ದೆ. ಹಂಪ್ ನೋಡ್ಲಿಲ್ಲ. ಅಷ್ಟೇ."

ಇಬ್ಬರು ಪ್ರಾರ್ಥನಾವೀರರೂ ಉಸಿರು ಬಿಟ್ಟರು. ಮಾಸ್ಟರು ನಿಧಾನವಾಗಿ ಗೋಡೆ ಬಿಟ್ಟು ಈ ಕಡೆ ತಿರುಗಿದರು. ಮುಖದಲ್ಲಿ ನಾಚಿಕೆಯೂ ಇತ್ತು, ಬಿಟ್ಟುಕೊಡದ ಗತ್ತೂ ಇತ್ತು. "ಆದ್ರೂ... ಇಬ್ಬರು ಬೇಡ ಅಂದಿರೋ ಮದುವೆ..."

ಶ್ಯಾಮಲ ಎದ್ದು ಬಂದು ಅವರ ಮುಂದೆ ನಿಂತಳು. ನರ್ಸರಿ ಮಕ್ಕಳಿಗೆ ಹೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದಳು: "ಮಾವ, ಇಬ್ಬರು ದೊಡ್ಡವರು ಊಟ ಬಿಟ್ಟು ಕೇಳ್ಕೊಂಡ್ರೂ ದೇವರು ಈ ಮದುವೆ ನಿಲ್ಲಿಸ್ಲಿಲ್ಲ. ಇದಕ್ಕಿಂತ ಗಟ್ಟಿ ಒಪ್ಪಿಗೆ ಇನ್ನೆಲ್ಲಿಂದ ತರ್ಲಿ?"

ಅನಸೂಯಮ್ಮ ಒಳಗೆ ಹೋಗಿ ಸಕ್ಕರೆ ತಂದು ಶ್ಯಾಮಲಳ ಬಾಯಿಗೆ ಹಾಕಿದರು.

"ಆಯ್ತಮ್ಮ" ಎಂದರು ಮಾಸ್ಟರು ಕೊನೆಗೆ. "ಗೊತ್ತುಮಾಡಿದ ದಿನಾನೇ ನಿಶ್ಚಿತಾರ್ಥ ಆಗ್ಲಿ."

"ಅಷ್ಟು ದಿನ ಬೇಡ ಮಾವ. ನಾಳೆನೇ ಆಗ್ಲಿ. ಆರಾಧನೆ ಮುಗಿದ ತಕ್ಷಣ."

"ನಾಳೆನಾ! ಯಾಕಮ್ಮ ಅಷ್ಟು ಅವಸರ?"

ಶ್ಯಾಮಲ ಭಾವನ ಜೇಬಿನಿಂದ ಇಣುಕುತ್ತಿದ್ದ ಹಾಳೆಯ ಕಡೆ ಕೈ ತೋರಿಸಿದಳು. "ಅದರಲ್ಲಿ ಇನ್ನೂ ಏಳು ಹೆಸರಿವೆ. ಐದು ನಿಮ್ಮ ನೆಂಟರದ್ದು."

ಮಾಸ್ಟರು ಹಾಳೆಯನ್ನು ನೋಡಿದರು. ವಿಜಯಕುಮಾರನನ್ನು ನೋಡಿದರು. ಅವನು ಆಗಲೇ ಎದ್ದು, ಕೈಕಟ್ಟಿಕೊಂಡು, ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಸಂಪತ್ತೂ!" ಮಾಸ್ಟರು ಚಪ್ಪಲಿ ಹುಡುಕುತ್ತ ಕೂಗಿದರು. "ಅಯ್ಯನವರಿಗೆ ಫೋನ್ ಹಾಕೋ. ನಾಳೆ ಯಾಕೆ, ಇವತ್ತೇ ಸಾಯಂಕಾಲ ಬರ್ತಾರಾ ಕೇಳು!"